ಎಡ ಪೆಡಲಿನ ಕೂಲಿ

2007ರಲ್ಲಿ ಕೋರಮಂಗಲದ ಒಂದು ಅಪಾರ್ಟ್‌ಮೆಂಟಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಮಾರುತ್ತಿದ್ದದ್ದು ಪುಸ್ತಕ. ಪಕ್ಕದ ಬಿಟಿಎಂ ಲೇಔಟ್, ಆಚೆಯ ಜಯನಗರ, ಬನಶಂಕರಿಯ ಸೈಕಲ್ ಅಂಗಡಿಗಳಿಗೆ ಆಗ ಅದರ ಬಿಸಿ ತಟ್ಟಿರಲಿಲ್ಲ. ಈಗ ಗೇರ್ ಸೈಕಲ್ ಕೂಡ ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೇ ಬಂದಿಳಿಯುತ್ತದೆ. ವಿದೇಶಿ ಬಂಡವಾಳದ ಜಾಲತಾಣಗಳು ಸರಕಿನ ಬೆಲೆಯ ಮೇಲೆ ಪ್ರಭಾವ ಬೀರಬಾರದೆಂಬ ಬಿಗಿ ನಿಯಮ 2019ರ ಫೆಬ್ರುವರಿ 1ರಿಂದ ಜಾರಿಯಲ್ಲಿದೆ. ಹಬ್ಬದ ಸೇಲ್ ಮಾತ್ರ ನಿಂತಿಲ್ಲ. ಬೆಲೆಯಲ್ಲಿ ಪೈಪೋಟಿಗಿಳಿದ ಸಣ್ಣ ಅಂಗಡಿ ಉಳಿಯುವುದು ಕಷ್ಟ.

ಆದರೆ ಆ ಪೆಟ್ಟಿಗೆ ಬಿಚ್ಚಿ ನೋಡಿ. ಮುಂದಿನ ಚಕ್ರ, ಹ್ಯಾಂಡಲ್, ಸೀಟು, ಪೆಡಲ್ ಎಲ್ಲ ಬಿಡಿಬಿಡಿ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ; ತುಳಿಯುತ್ತಾ ತುಳಿಯುತ್ತಾ ಅದು ಸಡಿಲವಾಗದಿರಲೆಂದು ಹಾಗೆ ಮಾಡಿರುತ್ತಾರೆ. ಬಲಗಡೆಯದನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ ಬಿಗಿದರೆ, ಇದನ್ನು ಅದರ ವಿರುದ್ಧ ತಿರುಗಿಸಬೇಕು. ಗೊತ್ತಿಲ್ಲದ ಅಪ್ಪ ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಿದರೆ ಅಲ್ಯುಮಿನಿಯಂ ಕ್ರ್ಯಾಂಕಿನ ಥ್ರೆಡ್ಡೇ ಹಾಳು. ಫೋರ್ಕ್ ಹಿಂದುಮುಂದಾಗಿ ಕೂತ ಹೊಸ ಸೈಕಲ್ಲನ್ನು ಮಕ್ಕಳು ಓಡಿಸುವುದನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಕೊನೆಗೆ ಎಲ್ಲರೂ ಬರುವುದು ಪಕ್ಕದ ರಸ್ತೆಯ ಅಂಗಡಿಗೇ. "ಎಲ್ಲಿ ತಗೊಂಡ್ರೋ ಅಲ್ಲೇ ಕೇಳಿ ಸಾರ್" ಎಂದು ಕಳಿಸಿಬಿಡುವವರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಆ ಗಿರಾಕಿಯನ್ನು ಒಳಗೆ ಕರೆಯಬೇಕು, ಕೂಲಿಯನ್ನು ಮುಲಾಜಿಲ್ಲದೆ ಕೇಳಬೇಕು. ಹಿಂದೆ ಸೈಕಲ್ ಮಾರಿದ ಲಾಭದಲ್ಲೇ ಜೋಡಿಸುವ ಕೆಲಸ, ಸಲಹೆ, ಮೊದಲ ಸರ್ವಿಸ್ ಎಲ್ಲ ಸೇರಿಹೋಗುತ್ತಿತ್ತು. ಮಾರಾಟ ಕೈಬಿಟ್ಟ ಮೇಲೆ ಕೆಲಸವನ್ನು ಪುಕ್ಕಟೆ ಕೊಡುವುದು ಹೇಗೆ? ಜೋಡಣೆಗೆ ಇಷ್ಟು, ಚಕ್ರದ ಬೆಂಡ್ ತೆಗೆಯಲು ಇಷ್ಟು, ಸೀಟು ಹೊಂದಿಸಲು ಇಷ್ಟು ಎಂದು ಗೋಡೆಯ ಮೇಲೆ ದರಪಟ್ಟಿ ತೂಗುಹಾಕಲಿ.

ಸೀಟು ಹೊಂದಿಸುವುದಕ್ಕೂ ದುಡ್ಡೇ ಎನ್ನಬೇಡಿ. ಬ್ರೆವೆ ಎಂಬ ದೂರದ ಸವಾರಿಯಲ್ಲಿ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಅಷ್ಟು ಹೊತ್ತು ತುಳಿಯುವವರಿಗೆ ಸೀಟು ತುಸು ತಗ್ಗಿದ್ದರೂ ಮಂಡಿಯ ಮುಂಭಾಗ ಹಿಡಿದುಕೊಳ್ಳುತ್ತದೆ. ಕೆಲಸ ಬಲ್ಲವನು ನಿಮ್ಮನ್ನು ಸೈಕಲ್ ಮೇಲೆ ಕೂರಿಸಿ, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಿಸುತ್ತಾನೆ. ಆಗ ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಅಲ್ಲಿಂದ ಆಚೆಗೆ ಅವನ ಕಣ್ಣಳತೆ: ಎರಡು ಸುತ್ತು ತುಳಿಸಿ, ನೋಡಿ, ಕೂದಲೆಳೆಯಷ್ಟು ಏರಿಸುತ್ತಾನೆ. ಭಾನುವಾರ ಬೆಳಗ್ಗೆ ತುರಹಳ್ಳಿ ಕಾಡಿನ ಕಲ್ಲುದಾರಿಯಲ್ಲಿ ಏರಿಳಿಯುವ ಹುಡುಗ ಹುಡುಗಿಯರು ಇಂಥ ಕೈಯನ್ನೇ ಹುಡುಕಿಕೊಂಡು ಹೋಗುತ್ತಾರೆ. ಈ ಕೈಚಳಕ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ನಾವು ಗಿರಾಕಿಗಳು ಮಾಡುವ ಅನ್ಯಾಯವೂ ಒಂದಿದೆ. ಅಂಗಡಿಯಲ್ಲಿ ನಾಲ್ಕು ಸೈಕಲ್ ಹತ್ತಿ ಇಳಿದು, ಅಳತೆ ಖಚಿತ ಮಾಡಿಕೊಂಡು, ಹೊರಗೆ ಬಂದು ಮೊಬೈಲಿನಲ್ಲಿ ಆರ್ಡರ್ ಮಾಡುತ್ತೇವೆ. ಇದು ಬೇರೆಯವರ ದುಡಿಮೆಯನ್ನು ಕದ್ದಂತೆ. ಮುಂದಿನ ಸಲ ಹತ್ತಿ ನೋಡಿದ ಅಂಗಡಿಯಲ್ಲೇ ಕೊಳ್ಳಿ. ಆಗದಿದ್ದರೆ, ಅಳತೆ ನೋಡಿಕೊಟ್ಟವರ ಕೂಲಿಯನ್ನಾದರೂ ಚೌಕಾಸಿ ಮಾಡದೆ ಕೊಟ್ಟು ಬನ್ನಿ.