ಬೇಡವೆಂದವರ ಮಾತು



ಹೋದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಜತ್ತ ತಾಲೂಕಿನ ಭಕ್ತರೊಬ್ಬರು ಎದ್ದು ನಿಂತರು. ಅವರ ತಂದೆಯವರಿಗೆ ಹರ್ನಿಯಾ ಆಪರೇಶನ್ ಗೊತ್ತಾಗಿತ್ತು. ಥೇಟರಿನ ಬಾಗಿಲಲ್ಲಿ ಸಿಸ್ಟರ್ ಕೊರಳಿನ ಕರಡಿಗೆ ತೆಗೆಯಲು ಹೇಳಿದರು. "ಲಿಂಗಾ ಅಗಲಿದ ಮ್ಯಾಲ ಈ ದೇಹಾ ಇಟ್ಕೊಂಡು ಏನ್ ಮಾಡ್ಲಿ" ಎಂದು ಹಿರಿಯರು ಮನೆಗೆ ನಡೆದುಬಿಟ್ಟರು. "ಜುಲುಮಿ ಮಾಡಿ ಒಯ್ದರ ತಪ್ಪೇನ್ರಿ?" ಎಂಬುದು ಮಗನ ಪ್ರಶ್ನೆ. ಅಂದು ನಮ್ಮ ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ತೊಡಕು ನಮ್ಮವರಿಗಷ್ಟೇ ಬಂದದ್ದಲ್ಲ. ಕ್ರೈಸ್ತರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಗಡವಿದೆ. ರಕ್ತವನ್ನು ವರ್ಜಿಸಬೇಕೆಂಬ ಬೈಬಲ್ಲಿನ ಮಾತನ್ನು ಹಿಡಿದು, ಅವರು ಇನ್ನೊಬ್ಬರ ರಕ್ತ ಏರಿಸಿಕೊಳ್ಳುವುದಿಲ್ಲ. 1979ರಲ್ಲಿ ಕೆನಡಾದ ಆಂಟಾರಿಯೊ ಪ್ರಾಂತದಲ್ಲಿ ಈ ಪಂಗಡದ ತಾಯಿಯೊಬ್ಬರು ಕಾರು ಅಪಘಾತದಲ್ಲಿ ಎಚ್ಚರ ತಪ್ಪಿ ಆಸ್ಪತ್ರೆ ಸೇರಿದರು. ರಕ್ತ ಕೊಡಬಾರದೆಂದು ಸಹಿ ಮಾಡಿದ ಚೀಟಿ ಅವರ ಕೈಚೀಲದಲ್ಲಿತ್ತು. ಅದು ತಿಳಿದೂ ವೈದ್ಯರು ರಕ್ತ ಕೊಟ್ಟರು. ಆ ತಾಯಿ ಬದುಕಿದರು, ಬದುಕಿ ದಾವೆ ಹೂಡಿದರು! ಚಿಕಿತ್ಸೆಯಲ್ಲಿ ಲೋಪವಿಲ್ಲ, ಆದರೂ ಬೇಡವೆಂದವರಿಗೆ ಕೊಟ್ಟದ್ದು ತಪ್ಪು ಎಂದು ಕೋರ್ಟು 20,000 ಡಾಲರ್ ಪರಿಹಾರ ಕೊಡಿಸಿತು. 1990ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು.

ಜಮಾ ಖರ್ಚು ಬರೆದು ರೂಢಿಯಾದ ನಮಗೆ ಈ ಲೆಕ್ಕ ಮೊದಲು ತಾಳೆಯಾಗಲಿಲ್ಲ. ಪ್ರಾಣ ಉಳಿಸಿದವರಿಗೇ ದಂಡವೆ? ಆದರೆ ಯೋಚಿಸಿ ನೋಡಿರಿ. ಜುಲುಮಿಯಿಂದ ಕೊರಳಿಗೆ ಕಟ್ಟಿದ ಲಿಂಗ ದೀಕ್ಷೆಯಾದೀತೆ? ಒಪ್ಪಿಗೆಯಿಲ್ಲದ ಚಿಕಿತ್ಸೆಯೂ ಹಾಗೆಯೇ. ನಮ್ಮ ದೇಶದ ಸುಪ್ರೀಂ ಕೋರ್ಟೂ 2018ರಲ್ಲಿ, ಬುದ್ಧಿ ಸ್ಥಿಮಿತದಲ್ಲಿರುವ ಪ್ರಾಯಸ್ಥರು ಚಿಕಿತ್ಸೆ ಬೇಡವೆನ್ನಬಹುದೆಂದು ಒಪ್ಪಿದೆ. ಹಿರಿಯರನ್ನು ಕೈಕಾಲು ಹಿಡಿದು ಒಯ್ಯುವುದು ಸಲ್ಲದು.

ಹಾಗೆಂದು ಸುಮ್ಮನೆ ಕೂಡುವುದೂ ಸಲ್ಲದು. ಅವರು ಬೇಡವೆಂದದ್ದು ಏನನ್ನು ಎಂದು ಯಾರಾದರೂ ಕೇಳಿದರೆ? ಅಮೆರಿಕೆಯ ಹ್ಯೂಸ್ಟನ್ನಿನ ಹೃದಯ ಶಸ್ತ್ರವೈದ್ಯ ಡಾ. ಡೆಂಟನ್ ಕೂಲಿ, ರಕ್ತ ಬೇಡವೆಂದವರನ್ನು ಹಿಂದಕ್ಕೆ ಅಟ್ಟಲಿಲ್ಲ. ರಕ್ತ ಏರಿಸದೆಯೇ ಮಾಡುವ ಬಗೆ ಕಂಡುಕೊಂಡರು. ಅಂಥ 542 ಶಸ್ತ್ರಕ್ರಿಯೆಗಳ ವರದಿ 1977ರಲ್ಲಿ ಪ್ರಕಟವಾಯಿತು. ನಮ್ಮ ಹಿರಿಯರೂ ಆಪರೇಶನ್ ಬೇಡವೆಂದಿರಲಿಲ್ಲ, ಲಿಂಗ ಅಗಲುವುದು ಬೇಡವೆಂದಿದ್ದರು. ಲೋಹ ಮೈಮೇಲಿದ್ದರೆ ವಿದ್ಯುತ್ತಿನಿಂದ ರಕ್ತನಾಳ ಸುಡುವ ಉಪಕರಣ ಬಳಸುವಾಗ ಚರ್ಮ ಸುಟ್ಟೀತೆಂಬ ಭಯ ವೈದ್ಯರಿಗೆ. ಹೊಲಸಿನಿಂದ ಗಾಯ ಕೀವಾದೀತೆಂಬುದು ಇನ್ನೊಂದು. ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಮಗ ಮರಳಿ ಹೋಗಿ ಡಾಕ್ಟರರೊಡನೆ ಮಾತಾಡಿದರು. ಬೆಳ್ಳಿಯ ಕರಡಿಗೆ ಮಗನ ಕೈಯಲ್ಲಿ ಉಳಿಯಿತು, ಲಿಂಗವನ್ನು ಥೇಟರಿನ ಶುದ್ಧ ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ ಕಟ್ಟಿದರು. ಹಿರಿಯರು ಈಗ ಹೊಲಕ್ಕೆ ಹೋಗುತ್ತಾರೆ.

ಮಕ್ಕಳ ಮಾತು ಮಾತ್ರ ಬೇರೆ. ಇಲ್ಲಿ ನಾವು ಕಠಿಣರಾಗಿಯೇ ಹೇಳುತ್ತೇವೆ. ತಂದೆತಾಯಿಗಳು ನಂಬಿಕೆಗಾಗಿ ತಮ್ಮ ಪ್ರಾಣ ಕೊಡಬಹುದು, ಮಕ್ಕಳದನ್ನು ಕೊಡುವಂತಿಲ್ಲ ಎಂಬ ಅರ್ಥದ ಮಾತನ್ನು ಅಮೆರಿಕೆಯ ಸುಪ್ರೀಂ ಕೋರ್ಟು 1944ರಲ್ಲೇ ಆಡಿತ್ತು. ಅದೂ ಇದೇ ಪಂಗಡದವರ ಇನ್ನೊಂದು ವ್ಯಾಜ್ಯದಲ್ಲಿ. ಮಗು ಇನ್ನೂ ತನ್ನ ನಂಬಿಕೆಯನ್ನು ಆರಿಸಿಕೊಂಡಿಲ್ಲ, ಅದರ ಪರವಾಗಿ "ಬೇಡ" ಎನ್ನಲು ನಾವು ಯಾರು?

ಎರಡು ವರ್ಷದ ಹಿಂದೆ ಹಾವು ಕಡಿದ ಹುಡುಗನೊಬ್ಬನನ್ನು ಸೀದಾ ಮಠಕ್ಕೇ ಹೊತ್ತು ತಂದಿದ್ದರು. ವಿಷಕ್ಕೆ ಮದ್ದು ಆಸ್ಪತ್ರೆಯ ಸೂಜಿಯಲ್ಲಿದೆ ಎಂದರೂ ಅಜ್ಜಿ ಕೇಳಲೊಲ್ಲಳು, ಅಪ್ಪಗಳ ವಿಭೂತಿಯೇ ಸಾಕು ಎಂದು ಹಟ. ಪೂಜ್ಯ ಅಪ್ಪಗಳು ವಾದಕ್ಕೆ ನಿಲ್ಲಲಿಲ್ಲ. ಮಠದ ಜೀಪು ತರಿಸಿ, ತಾವೇ ಹತ್ತಿ ಕುಳಿತು, ಸೊಲ್ಲಾಪುರದ ದಾರಿಯಲ್ಲಿ ಹುಡುಗನ ಹಣೆಗೆ ವಿಭೂತಿ ಹಚ್ಚಿದರು.