ಫೀಸಿಲ್ಲದ ಮೈದಾನ

ಬ್ಯಾಂಕಿನಲ್ಲಿ ಆಯುಷ್ಯ ಕಳೆದವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಯಾವುದಾದರೂ ಪುಕ್ಕಟೆ ಸಿಗುತ್ತದೆ ಅಂದರೆ, ಇದರ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತಿದೆ ಅಂತ ಮೊದಲು ಹುಡುಕುತ್ತೇವೆ. ಪುಣೆಯಲ್ಲಿ ನಮ್ಮ ಭಾಗದ ಹುಡುಗರ ಫುಟ್‌ಬಾಲ್ ಕ್ಲಬ್ಬಿನವರು, ನಿವೃತ್ತಿಯಾದ ಮೇಲೆ ನನ್ನನ್ನು ಲೆಕ್ಕ ಬರೆಯಲು ಕರೆದಾಗ ನಾನು ಕೇಳಿದ್ದೂ ಅದನ್ನೇ. ಚೆಂಡು, ತಿಳಿ ಬಣ್ಣದ ಬನಿಯನ್‌ಗಳು, ಪಂದ್ಯಾವಳಿಯ ಪ್ರವೇಶಧನ, ಕಾಲು ಉಳುಕಿದರೆ ಬಡಿಯುವ ಸ್ಪ್ರೇ, ಇವಕ್ಕೆಲ್ಲ ದುಡ್ಡು ಬೇಕಲ್ಲ? ಮೈದಾನ ಒಂದು ಶಾಲೆಯದು, ಶನಿವಾರ ಭಾನುವಾರ ಬೆಳಿಗ್ಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದಾರೆ. ಉಳಿದದ್ದನ್ನು ಇಬ್ಬರು ಇಂಜಿನಿಯರರು, ಒಬ್ಬ ರೈಲ್ವೆ ನೌಕರರು, ಹೆಣ್ಣುಮಕ್ಕಳ ತಂಡ ನೋಡಿಕೊಳ್ಳುವ ಒಬ್ಬ ಗೃಹಿಣಿ ಕೈಯಿಂದ ಹಾಕಿ ನಡೆಸುತ್ತಿದ್ದರು. ರಸೀದಿ ಇಲ್ಲ, ವೋಚರ್ ಇಲ್ಲ. ಯಾವ ಆಡಿಟರ್ ಒಪ್ಪುತ್ತಾನೆ ಹೇಳಿ!

ಇಂಥ ಕ್ಲಬ್ಬುಗಳಿಂದ ಊರಿಗೆ ಏನು ಲಾಭ ಅಂತ ಕೇಳಿದರೆ ಎಲ್ಲರೂ ಹೇಳುವ ಮಾತು ಒಂದೇ. ಆರೋಗ್ಯ, ಶಿಸ್ತು, ಮೊಬೈಲಿನಿಂದ ಬಿಡುಗಡೆ. ನಿಜವೇ ಇರಬಹುದು. ಆದರೆ ಕರಾಟೆ ಕ್ಲಾಸಿನವರೂ ಈಜು ಕಲಿಸುವವರೂ ಇದನ್ನೇ ಹೇಳುತ್ತಾರೆ, ಅದಕ್ಕೆ ತಿಂಗಳ ಫೀಸೂ ತಗೊಳ್ತಾರೆ. ನನಗೆ ಕಂಡ ಲಾಭ ಬೇರೆ.

ನಮ್ಮ ಮೈದಾನಕ್ಕೆ ಅಪಾರ್ಟ್‌ಮೆಂಟಿನ ಮಕ್ಕಳೂ ಬರುತ್ತಾರೆ, ಹತ್ತಿರದ ವಸ್ತಿಯ ಮಕ್ಕಳೂ ಬರುತ್ತಾರೆ. ವಸ್ತಿ ಅಂದರೆ ಇಲ್ಲಿ ಝೋಪಡಪಟ್ಟಿ. ಅಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು ಬೇಕಾದಷ್ಟಿವೆ. ಪುಣೆಯಲ್ಲಿ ಕನ್ನಡಿಗರು ಅಂದ ಕೂಡಲೇ ನಮಗೆ ಭೀಮಸೇನ ಜೋಶಿಯವರ ನೆನಪಾಗುತ್ತದೆ, ಫರ್ಗ್ಯುಸನ್ ರಸ್ತೆಯ ವೈಶಾಲಿ ಹೋಟೆಲಿನ ದೋಸೆ ನೆನಪಾಗುತ್ತದೆ. ಈಗಿನ ಕಾಲದವರಿಗೆ ಹಿಂಜೆವಾಡಿಯ ಸಾಫ್ಟ್‌ವೇರ್ ಕಂಪನಿಗಳು. ನಾವು ಇರುವ ಕಟ್ಟಡಕ್ಕೆ ಸಿಮೆಂಟು ಹೊತ್ತವರೂ ಕನ್ನಡಿಗರೇ ಅನ್ನೋದು ಮಾತ್ರ ಯಾಕೋ ನೆನಪಿಗೆ ಬರುವುದಿಲ್ಲ. ನಾಡಹಬ್ಬದ ಸಭೆಯಲ್ಲಿ ನಾನು ಅವರನ್ನು ಕಂಡದ್ದಿಲ್ಲ. ಕಂಡದ್ದು ಗೋಲ್ ಕಂಬದ ಹಿಂದೆ.

ನಮ್ಮ ಕಟ್ಟಡದಲ್ಲಿ ನಾಲ್ಕು ಮನೆಗೆ ಪಾತ್ರೆ ತಿಕ್ಕಲು ಬರುವ ಹೆಂಗಸು ಎಷ್ಟೋ ವರ್ಷ ಬರೀ ‘ಬಾಯಿ’ ಆಗಿದ್ದರು. ಅವರ ಮಗ ಗೋಲಿನಲ್ಲಿ ನಿಂತು ಚೆಂಡು ಹಿಡಿಯಲು ಶುರುಮಾಡಿದ ಮೇಲೆ ಲಿಫ್ಟಿನಲ್ಲಿ ಜನ ಅವರನ್ನು ‘ಗೋಲ್‌ಕೀಪರನ ಅವ್ವ’ ಅಂತ ಮಾತಾಡಿಸತೊಡಗಿದರು. ಸಂಬಳ ಹೆಚ್ಚಾಯಿತೇ ಅಂದರೆ, ಇಲ್ಲ. ಬಡತನ ಹಾಗೇ ಇದೆ. ಇದನ್ನು ದೊಡ್ಡ ಕ್ರಾಂತಿ ಅಂತ ನಾನು ಹೇಳುವುದಿಲ್ಲ. ಆದರೆ ಪರಸ್ಪರ ಪರಿಚಯವಿಲ್ಲದ ಮನೆಗಳ ದೊಡ್ಡವರು ಇನ್ನೊಬ್ಬರ ಮಕ್ಕಳನ್ನು ಹೆಸರು ಹಿಡಿದು ಕರೆಯುವುದು, ಗದರುವುದು, ಬಿದ್ದರೆ ಎತ್ತುವುದು ಊರಲ್ಲಿ ನಮ್ಮ ಓಣಿಯಲ್ಲಿ ತಾನಾಗಿ ಇತ್ತು. ಪರಸ್ಥಳದಲ್ಲಿ ಅದನ್ನು ಕೈಯಾರೆ ಕಟ್ಟಿಕೊಳ್ಳಬೇಕು.

ಇದು ಕೆಡುವ ಹೊತ್ತು ಒಮ್ಮೆ ಬಂತು. ಒಬ್ಬ ಪಾಲಕರು, ಒಳ್ಳೆಯವರೇ, ಸಭೆಯಲ್ಲಿ ಎದ್ದು ಹೇಳಿದರು: “ಪುಕ್ಕಟೆ ಕೊಟ್ಟರೆ ಬೆಲೆ ಇರೋದಿಲ್ಲ. ತಿಂಗಳಿಗೆ ಐನೂರು ಇಡಿ. ತಡವಾಗಿ ಮಕ್ಕಳನ್ನು ಕರೆದೊಯ್ಯುವವರಿಗೆ ಐವತ್ತು ರೂಪಾಯಿ ದಂಡ ಹಾಕಿ.” ಮೈದಾನ ಒಂಬತ್ತಕ್ಕೆ ಮುಗಿದರೆ ಕೊನೆಯ ಮಗು ಹೋಗುವವರೆಗೆ, ಒಮ್ಮೊಮ್ಮೆ ಹತ್ತಾದರೂ, ಆ ಇಂಜಿನಿಯರರು ಬಿಸಿಲಲ್ಲಿ ಕಾಯುತ್ತಿದ್ದದ್ದು ನಿಜ. ಸಲಹೆ ನ್ಯಾಯವಾಗಿಯೇ ಕಂಡಿತು. ವಾಣಿಜ್ಯ ಓದಿದ ನನ್ನಂಥವರಿಗಂತೂ ಇದು ಮೊದಲ ಪಾಠ: ಬೆಲೆ ಇಟ್ಟರೆ ದುರುಪಯೋಗ ಕಡಿಮೆಯಾಗುತ್ತದೆ.

ಆದರೆ ಆಗುತ್ತದೆಯೇ? ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ ಅರ್ಥಶಾಸ್ತ್ರಜ್ಞರಿದ್ದಾರೆ. ಉರಿ ಗ್ನೀಜಿ, ಆಲ್ಡೋ ರುಸ್ತಿಕಿನಿ ಅಂತ ಹೆಸರು. 2000ರಲ್ಲಿ ಅವರ ಲೇಖನ ಬಂತು. ಹತ್ತು ಶಿಶುವಿಹಾರಗಳಲ್ಲಿ ಆರಕ್ಕೆ, ತಡವಾಗಿ ಬರುವ ತಂದೆತಾಯಿಗೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಮುಂಚೆ, ಪಾಪ, ಟೀಚರ್ ನಮಗಾಗಿ ಕಾಯುತ್ತಿದ್ದಾರೆ ಅಂತ ಓಡಿ ಬರುತ್ತಿದ್ದವರಿಗೆ ಈಗ, ದುಡ್ಡು ಕೊಡ್ತೀವಲ್ಲ ಅನ್ನುವ ಧೈರ್ಯ ಬಂತು. ಇನ್ನೂ ಚೋದ್ಯ ಮುಂದಿದೆ. ದಂಡವನ್ನು ತೆಗೆದುಹಾಕಿದ ಮೇಲೂ ಅವರು ಹಳೇ ದಾರಿಗೆ ಬರಲಿಲ್ಲ. ಒಮ್ಮೆ ಹೋದ ಸಂಕೋಚ ಮತ್ತೆ ಹುಟ್ಟಲಿಲ್ಲ. ನಾನು ಈ ವಿಷಯ ಸಭೆಯಲ್ಲಿ ಹೇಳಿದೆ. ಕೆಲವರು ಒಪ್ಪಿದರು, ಕೆಲವರು ಹೈಫಾ ಎಲ್ಲಿ, ಪುಣೆ ಎಲ್ಲಿ ಅಂದರು.

ಫೀಸು ಕೊಟ್ಟ ಪಾಲಕ ಗಿರಾಕಿಯಾಗುತ್ತಾನೆ. ನನ್ನ ಮಗನನ್ನು ಯಾಕೆ ಹೊರಗೆ ಕೂರಿಸಿದಿರಿ ಅಂತ ಅವನು ಕೇಳಿದರೆ ತಪ್ಪೆನ್ನಲಾಗದು. ಕೊಟ್ಟ ಹಣಕ್ಕೆ ತಕ್ಕ ಸೇವೆ ಕೇಳುವುದು ಗಿರಾಕಿಯ ಹಕ್ಕು, ಅದನ್ನು ಕೌಂಟರಿನ ಒಳಗೆ ನಿಂತು ನಾನು ಸಾಕಷ್ಟು ಕೇಳಿಸಿಕೊಂಡಿದ್ದೇನೆ. ಆದರೆ ಗಿರಾಕಿಯು ಇನ್ನೊಬ್ಬ ಗಿರಾಕಿಯ ಮಗುವಿನ ಶೂ ಲೇಸ್ ಕಟ್ಟಬೇಕಾಗಿಲ್ಲ.

ಹಾಗಂತ ಪುಕ್ಕಟೆ ಸೇವೆಯನ್ನು ಹೊಗಳುತ್ತ ಕೂರುವುದೂ ಸರಿಯಲ್ಲ. ನನಗೆ ಪೆನ್ಷನ್ ಬರುತ್ತದೆ, ಆದ್ದರಿಂದ ನಾನು ಉದಾರಿ. ನಮ್ಮ ಕೋಚ್ ಇಪ್ಪತ್ತನಾಲ್ಕರ ಹುಡುಗ, ಅದೇ ವಸ್ತಿಯಲ್ಲಿ ಬೆಳೆದವನು, ಮನೆಮನೆಗೆ ಪಾರ್ಸೆಲ್ ಮುಟ್ಟಿಸಿ ಜೀವನ ಮಾಡುವವನು. ಭಾನುವಾರ ಬೆಳಿಗ್ಗೆ ಅವನು ಮೈದಾನದಲ್ಲಿ ಸಿಳ್ಳೆ ಊದಿದರೆ ಆ ಹೊತ್ತಿನ ಗಳಿಕೆ ಹೋಯಿತು, ಪೆಟ್ರೋಲ್ ಬೇರೆ. ಅವನಿಗೆ ಸೇವೆಯ ಮಹತ್ವ ಬೋಧಿಸಿ ಬರಿಗೈಲಿ ಕಳಿಸುವುದು ನನ್ನ ಪ್ರಕಾರ ಶೋಷಣೆ. ಜರ್ಮನಿಯಲ್ಲಿ ಊರೂರಿನ ಫುಟ್‌ಬಾಲ್ ಸಂಘಗಳು ಸಂಬಳವಿಲ್ಲದ ಕೆಲಸಗಾರರ ಮೇಲೆಯೇ ನಿಂತಿವೆ, ಅಂಥ ಕೆಲಸಕ್ಕೆ ಅವರ ಭಾಷೆಯಲ್ಲಿ ‘ಗೌರವದ ಹುದ್ದೆ’ ಎಂಬರ್ಥದ ಪದವೂ ಇದೆ. ಗೌರವ ಸರಿ. ಹೊಟ್ಟೆ ತುಂಬಿದ ಮೇಲೆ ಅದು ಚೆನ್ನಾಗಿ ಜೀರ್ಣವಾಗುತ್ತದೆ.

ಇಕ್ಕಟ್ಟು ಇಲ್ಲಿ. ಕೋಚನಿಗೆ ಕೊಡಬೇಕು, ಮಕ್ಕಳಿಂದ ತೆಗೆದುಕೊಳ್ಳಬಾರದು. ದಾರಿ ತೋರಿಸಿದವರು ಗೋಲ್‌ಕೀಪರನ ಅವ್ವ. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, “ಕಾಕಾರ, ಫೀಸ್ ಅಂದ್ರ ನಮ್ಮ ಹುಡುಗ ಬರಂಗಿಲ್ರಿ. ಪಟ್ಟಿ ಅಂದ್ರ ನಾನೂ ಇಪ್ಪತ್ತು ರೂಪಾಯಿ ಹಾಕ್ತೀನ್ರಿ” ಅಂದರು.

ಉತ್ತರ ಕರ್ನಾಟಕದ ಓದುಗರಿಗೆ ಪಟ್ಟಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಜಾತ್ರೆಗೆ ಊರ ಪಟ್ಟಿ ಕೂಡಿಸುತ್ತಾರಲ್ಲ, ಅದು. ಇದ್ದವರು ಹೆಚ್ಚು, ಇಲ್ಲದವರು ಕಡಿಮೆ. ಹೆಚ್ಚು ಕೊಟ್ಟೆ ಅಂತ ಯಾರೂ ತೇರನ್ನು ತಮ್ಮ ಮನೆ ಮುಂದೆ ನಿಲ್ಲಿಸಿಕೊಳ್ಳುವುದಿಲ್ಲ. (ಮೈಕಿನಲ್ಲಿ ಹೆಸರೂ ಮೊತ್ತವೂ ಕೂಗುವ ಪದ್ಧತಿ ಮಾತ್ರ ನನಗೆ ಸೇರದು. ಅದನ್ನು ನಾವು ಇಲ್ಲಿಗೆ ತರಲಿಲ್ಲ.) ಹಾಗಾಗಿ ಪಟ್ಟಿ ಶುರುವಾಯಿತು. ಯಾರು ಎಷ್ಟು ಹಾಕಿದರು ಅನ್ನೋದು ಲೆಕ್ಕ ಬರೆಯುವವನಿಗೆ ಮಾತ್ರ ಗೊತ್ತು. ಅದರಿಂದ ಕೋಚನ ಗೌರವಧನ ನಡೆಯುತ್ತಿದೆ. ಸಾಕಾಗುತ್ತದೆ ಅಂತಲ್ಲ, ನಡೆಯುತ್ತಿದೆ. ದಂಡದ ಮಾತು ಬಿದ್ದುಹೋಯಿತು. ತಡವಾಗಿ ಬರುವವರು ಈಗಲೂ ಇದ್ದಾರೆ, ಬರುವಾಗ ಕಾದವರಿಗೆ ಚಹಾ ತರುತ್ತಾರೆ. ಫೀಸು ಬೇಕೆಂದವರು ಮಗನನ್ನು ಬೇರೆ ಅಕಾಡೆಮಿಗೆ ಸೇರಿಸಿದರು. ಅಲ್ಲಿ ಹುಡುಗ ಚೆನ್ನಾಗಿ ಆಡುತ್ತಿದ್ದಾನೆ ಅಂತ ಕೇಳಿ ನಮಗೂ ಸಂತೋಷವೇ.

ದೊಡ್ಡ ದುಡ್ಡಿನ ಫುಟ್‌ಬಾಲನ್ನೂ ಪುಣೆ ಕಂಡಿದೆ. 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ 2012-13ರ ಐ-ಲೀಗಿನಲ್ಲಿ ಎರಡನೇ ಸ್ಥಾನ ಪಡೆದಿತ್ತು, ಈಗ ಇಲ್ಲ. 2014ರಲ್ಲಿ ಇಂಡಿಯನ್ ಸೂಪರ್ ಲೀಗಿನೊಂದಿಗೆ ಬಂದ ಎಫ್‌ಸಿ ಪುಣೆ ಸಿಟಿ 2019ಕ್ಕೆ ಮುಚ್ಚಿತು. ಬಾಲೇವಾಡಿಯ ಕ್ರೀಡಾಂಗಣ ಅಲ್ಲೇ ಇದೆ. ಮುಚ್ಚಿದವರನ್ನು ದೂರುವುದಿಲ್ಲ, ನಷ್ಟದ ಖಾತೆಯನ್ನು ಯಾರೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಅದೇ ಕೊಲ್ಹಾಪುರಕ್ಕೆ ಹೋಗಿ ನೋಡಿ. ಕುಸ್ತಿಯ ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳು: ಪಾಟಾಕಡೀಲ್ ತಾಲೀಮ್, ಖಂಡೋಬಾ ತಾಲೀಮ್, ದಿಲ್‌ಬಹಾರ್ ತಾಲೀಮ್. ಶಾಹೂ ಕ್ರೀಡಾಂಗಣದಲ್ಲಿ ಪೇಟೆಗೆ ಪೇಟೆಯೇ ಬಂದು ಕೂರುತ್ತದೆ. ನಮ್ಮ ಬೆಂಗಳೂರಿನ ಹಲಸೂರಿನ ಪಕ್ಕದ ಗೌತಮಪುರದಲ್ಲೂ ಹಾಗೇ, ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. ಆಟ ಅಲ್ಲಿ ಓಣಿಯ ಸ್ವತ್ತು.

ಆದರೆ ಕೊಲ್ಹಾಪುರದ ಮಾದರಿಯನ್ನೂ ನಾನು ಕಣ್ಣು ಮುಚ್ಚಿ ಒಪ್ಪಲಾರೆ. ಪೇಟೆಯ ಅಭಿಮಾನ ಹೆಚ್ಚಾಗಿ ಅಭಿಮಾನಿಗಳು ಹೊಡೆದಾಡಿದ್ದೂ ಉಂಟು. ‘ನಮ್ಮವರು’ ಅನ್ನೋದು ಹುಟ್ಟಿನಿಂದ ಬಂದರೆ ‘ಅವರು’ ಅನ್ನೋದೂ ಜೊತೆಗೇ ಬರುತ್ತದೆ. ನಮ್ಮ ಕ್ಲಬ್ಬಿನಲ್ಲಿ ಹಾಗೆ ಹೇಳಿಕೊಳ್ಳಲು ಯಾರಿಗೂ ಪುರಸೊತ್ತಿಲ್ಲ. ರೈಲ್ವೆಯವರು ಬಿಹಾರದವರು, ಗೃಹಿಣಿ ಕೇರಳದವರು, ಇಂಜಿನಿಯರರಲ್ಲಿ ಒಬ್ಬರು ಮಾತ್ರ ಪುಣೆಯವರೇ. ಎಲ್ಲಿಂದಲೋ ಬಂದವರು ಇಲ್ಲಿನ ಮಕ್ಕಳಿಗೆ ಹೊತ್ತು ಕೊಟ್ಟು ಊರಿನವರಾಗುತ್ತಿದ್ದಾರೆ. ಇದು ನಿಸ್ವಾರ್ಥವೇ? ನನ್ನ ಮಟ್ಟಿಗೆ ಅಲ್ಲ. ಊರು ಬಿಟ್ಟವನಿಗೆ ಬೆಳಿಗ್ಗೆ ಏಳಕ್ಕೆ ಎಲ್ಲೋ ಒಂದು ಕಡೆ ತನ್ನ ಹಾದಿ ಕಾಯುವವರು ಬೇಕು. ನಲವತ್ತು ಮಕ್ಕಳು ‘ಕಾಕಾ’ ಅಂದರೆ ಅದು ನನಗೆ ಬರುವ ಬಡ್ಡಿ.

ಸದ್ಯದ ಚಿಂತೆ ಮೈದಾನದ್ದು. ಶಾಲೆಯವರು ಅರ್ಧ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸುವವರಿದ್ದಾರೆ. ಶಾಲೆ ಅವರದು, ಮಕ್ಕಳೂ ಹೆಚ್ಚಾಗಿದ್ದಾರೆ, ಬೇಡ ಅನ್ನಲಾದೀತೇ? ಮಹಾನಗರ ಪಾಲಿಕೆಯ ಖಾಲಿ ಜಾಗವೊಂದನ್ನು ವಾರಕ್ಕೆರಡು ದಿನ ಕೊಡಿ ಅಂತ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಮರಾಠಿ ಮಾತಿಗೆ ಸಾಲುತ್ತದೆ, ಅರ್ಜಿಗೆ ಸಾಲದು. ಹ್ರಸ್ವ ದೀರ್ಘ ತಿದ್ದಿಕೊಡುವುದು ಗೋಲ್‌ಕೀಪರನ ಕೆಲಸ. ಮರಾಠಿ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯಲ್ಲಿದ್ದಾನೆ. ಎರಡು ಸಲ ತಿದ್ದಿ ವಾಪಸು ಕೊಟ್ಟಿದ್ದಾನೆ, ಮೂರನೆಯ ಪ್ರತಿ ಬರೆಯುತ್ತಿದ್ದೇನೆ.