ಈ ತಗಡಿನಲ್ಲಿರುವ ಮುಖವು ಯಾರದು?



ತೆರಿಗೆಯ ವಿಷಯದಲ್ಲಿ ಕರ್ತನನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಬಂದವರ ಸಂಗತಿಯು ನಿಮಗೆ ತಿಳಿದದ್ದೇ. ಆತನು ಅವರಿಂದ ಒಂದು ನಾಣ್ಯವನ್ನು ತರಿಸಿ, ಅದರ ಮೇಲಿರುವ ಮುಖವು ಯಾರದೆಂದು ವಿಚಾರಿಸಿದನು. ಲೋಹದ ಮೇಲೆ ದೊಡ್ಡವರ ಮುಖವನ್ನು ಮೂಡಿಸುವ ವಾಡಿಕೆಯು ಅಷ್ಟು ಹಳೆಯದು. ಆದರೆ ಆ ನಾಣ್ಯದಲ್ಲಿ ಚಕ್ರವರ್ತಿಯ ಮುಖವು ಬೆಳ್ಳಿಯ ಮೇಲಿತ್ತು. ಈ ಕಾಲದಲ್ಲಿಯಾದರೋ ಕೆಲವರು ಜನರು ಕುಡಿದು ಬಿಸಾಡಿದ ಅಲ್ಯೂಮಿನಿಯಮ್ ಡಬ್ಬಿಗಳಿಂದಲೇ ಹೆಸರಾಂತವರ ಮುಖಗಳನ್ನು ರಚಿಸುತ್ತಾರೆ. ತಾಳ್ಯ ಹೋಬಳಿಯ ಹಳ್ಳಿಗಳಲ್ಲಿ ಬಾಳುವ ನಾವು ಈ ಕೆಲಸದಿಂದ ಕಲಿಯತಕ್ಕ ಮೂರು ಪಾಠಗಳನ್ನು ಈಗ ಆಲೋಚಿಸೋಣ.

ಮೊದಲನೆಯದು: ಬಿಸಾಡಿದ ವಸ್ತುವು ಬೆಲೆ ಕಳಕೊಂಡ ವಸ್ತುವಲ್ಲ. ಅಲ್ಯೂಮಿನಿಯಮ್ ಬಾಕ್ಸೈಟ್ ಎಂಬ ಅದಿರಿನಿಂದ ಬರುತ್ತದೆ. ನಮ್ಮ ನಾಡಿನಲ್ಲಿ ಬೆಳಗಾವಿಯ ಕಡೆಯಲ್ಲಿ ಅದು ದೊರೆಯುವದು. ಸುಮಾರು 4 ಟನ್ ಅದಿರನ್ನು ಅಗೆದು, ಶುದ್ಧಿಮಾಡಿ, ವಿದ್ಯುಚ್ಛಕ್ತಿಯನ್ನು ಬಹಳವಾಗಿ ವ್ಯಯಮಾಡಿದರೆ 1 ಟನ್ ಲೋಹವು ಸಿಕ್ಕೀತು. 1886ರಲ್ಲಿ ಅಮೆರಿಕದ ಹಾಲ್ ಎಂಬವನೂ ಫ್ರಾನ್ಸಿನ ಎರೂ ಎಂಬವನೂ ಬೇರೆ ಬೇರೆಯಾಗಿ ಈ ವಿಧಾನವನ್ನು ಕಂಡುಹಿಡಿಯುವ ತನಕ ಈ ಲೋಹವು ಬಲು ದುಬಾರಿಯಾಗಿತ್ತು. ಆದರೆ ಹಳೆಯ ಡಬ್ಬಿಯನ್ನು ಕುಲುಮೆಗೆ ಹಾಕಿರಿ. ಲೋಹವು ಸುಮಾರು 660 ಡಿಗ್ರಿ ಶಾಖದಲ್ಲಿ ಕರಗಿ ತಿರಿಗಿ ಹೊಸದಾಗುವದು. ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ 95 ಪಾಲು ಉಳಿಯುವದು. ದಾರಿಹೋಕನು ತುಳಿದದ್ದರಿಂದ ಡಬ್ಬಿಯು ಚಪ್ಪಟೆಯಾಯಿತೇ ಹೊರತು ಅದರ ಲೋಹವು ಮಣ್ಣಾಗಲಿಲ್ಲ. ಪ್ರಿಯರೇ, ನಮ್ಮಲ್ಲಿ ಅನೇಕರ ಅಜ್ಜಂದಿರನ್ನು ಊರ ಹೊರಗೆ ಇಟ್ಟಿದ್ದರಷ್ಟೆ. ಹೊರಗೆ ಇಟ್ಟವರು ಅವರ ಸ್ಥಳವನ್ನು ಗೊತ್ತುಮಾಡಿದರು, ಬೆಲೆಯನ್ನು ಗೊತ್ತುಮಾಡಲಿಲ್ಲ. ಅದು ಅವರ ಕೈಯಲ್ಲಿ ಇರಲೂ ಇಲ್ಲ.

ಎರಡನೆಯದು: ಒಂದೊಂದು ಚೂರಿಗೂ ತನ್ನ ಸ್ಥಳವುಂಟು. ಈ ಚಿತ್ರವನ್ನು ಮಾಡುವ ಕ್ರಮ ಹೇಗಂದರೆ, ಡಬ್ಬಿಯ ತಲೆಯನ್ನೂ ತಳವನ್ನೂ ಕತ್ತರಿಸಿ, ನಡುವಣ ತಗಡನ್ನು ಸೀಳಿ, ತೊಳೆದು ಹಾಸುತ್ತಾರೆ. ಅಂಚು ಹರಿತವಾದದ್ದರಿಂದ ಕೈಗವಸು ಹಾಕಿಕೊಳ್ಳಬೇಕು. ಬಳಿಕ ಕೆಂಪು, ನೀಲಿ, ಹಸಿರು, ಬೆಳ್ಳಿಯ ಬಣ್ಣ ಎಂದು ವಿಂಗಡಿಸಿ ಚಿಕ್ಕ ಚೂರುಗಳಾಗಿ ಕತ್ತರಿಸಿ, ಹಲಗೆಯ ಮೇಲೆ ಗೆರೆ ಎಳೆದು ಅಂಟಿಸುತ್ತಾರೆ, ಇಲ್ಲವೆ ಸಣ್ಣ ಮೊಳೆಗಳಿಂದ ಜಡಿಯುತ್ತಾರೆ. ಹಣೆಗೂ ಮೂಗಿನ ಏಣಿಗೂ ಹೊಳೆಯುವ ಚೂರು. ಕೂದಲಿಗೂ ಕೆನ್ನೆಯ ನೆರಳಿಗೂ ಕಪ್ಪು ಚೂರು. ಹತ್ತಿರ ನಿಂತು ನೋಡಿದರೆ ಹರಿದ ಅಕ್ಷರಗಳ ಹೊರತು ಏನೂ ಕಾಣದು. ಇಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಮುಖವು ಎದ್ದುಬರುವದು. ಕಪ್ಪು ಚೂರುಗಳನ್ನು ಕಿತ್ತುಹಾಕಿದರೆ ಕಣ್ಣೇ ಇರದು. ಸಭೆಯಲ್ಲಿ ಮುಂದಿನ ಚಾಪೆಯವನು ಹಿಂದಿನ ಚಾಪೆಯವನನ್ನು ಹೀನೈಸುವಾಗ ಇದನ್ನು ನೆನಸಲಿ. ನಮ್ಮ ದುರ್ಗದ ಕೋಟೆಯನ್ನೇ ನೋಡಿರಿ. ಹೈದರಾಲಿಯ ದಂಡು ಮುತ್ತಿದ ಕಾಲದಲ್ಲಿ ಕಿಂಡಿಯಲ್ಲಿ ನಿಂತವಳೆಂದು ಜನರು ಇಂದಿಗೂ ಕೊಂಡಾಡುವ ಓಬವ್ವಳು ರಾಣಿಯಲ್ಲ, ಕಾವಲುಗಾರನ ಹೆಂಡತಿ. ಅವಳ ಕೈಯಲ್ಲಿ ಇದ್ದದ್ದು ಕತ್ತಿಯಲ್ಲ, ಒನಕೆ. 2021ರಿಂದ ನವೆಂಬರ್ 11ರಂದು ಸರಕಾರವೇ ಅವಳ ಜಯಂತಿಯನ್ನು ಆಚರಿಸುತ್ತದೆ.

ಮೂರನೆಯದು, ಇದೇ ಮುಖ್ಯವಾದದ್ದು: ಮುಖವನ್ನು ಮೆಚ್ಚುವವನು ಚೂರುಗಳನ್ನು ಆಯ್ದ ಕೈಯನ್ನು ಮರೆಯಬಾರದು. ದೂರದ ಬ್ರೆಜಿಲ್ ದೇಶದಲ್ಲಿ, ರಿಯೊ ಡಿ ಜನೈರೊ ನಗರದ ಬಳಿ, ಜಾರ್ಡಿಂ ಗ್ರಮಾಶೊ ಎಂಬ ಮಹಾ ತಿಪ್ಪೆಯಿತ್ತು. ಸಾವಿರಾರು ಜನರು ಅದರಲ್ಲಿ ಮಾರತಕ್ಕದ್ದನ್ನು ಆಯ್ದು ಜೀವಿಸುತ್ತಿದ್ದರು. ವಿಕ್ ಮುನೀಸ್ ಎಂಬ ಚಿತ್ರಕಾರನು ಅಲ್ಲಿಗೆ ಹೋಗಿ, ಅರಸರ ಮುಖಗಳನ್ನಲ್ಲ, ಆಯುವವರ ಮುಖಗಳನ್ನೇ ಆರಿಸಿಕೊಂಡನು. ವಿಶಾಲವಾದ ನೆಲದ ಮೇಲೆ ಅವರ ರೂಪವನ್ನು ಬೆಳಕಿನಿಂದ ಬೀಳಿಸಲಾಯಿತು. ಅವರು ತಾವೇ ಆಯ್ದ ವಸ್ತುಗಳನ್ನು ಗೆರೆಗೂ ನೆರಳಿಗೂ ತಕ್ಕಂತೆ ಅಲ್ಲಿ ಜೋಡಿಸಿದರು. ಎತ್ತರದಿಂದ ಅದರ ಛಾಯಾಚಿತ್ರ ತೆಗೆದರು. ಲಂಡನ್ನಿನ ಹರಾಜಿನಲ್ಲಿ ಅಂಥ ಒಂದು ಚಿತ್ರವು ಮಾರಾಟವಾಗಿ, ಹಣವು ಆಯುವವರ ಸಂಘಕ್ಕೆ ಸೇರಿತು. ಈ ವೃತ್ತಾಂತದ ಚಲನಚಿತ್ರವು 2010ರಲ್ಲಿ ಬಂತು. ಆ ತಿಪ್ಪೆಯನ್ನು 2012ರಲ್ಲಿ ಮುಚ್ಚಿದರು. ನಮ್ಮ ಬೆಂಗಳೂರಿನಲ್ಲಿಯೂ 2011ರಲ್ಲಿ ಆಗಿನ ಮಹಾನಗರ ಪಾಲಿಕೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿಗಳನ್ನು ಕೊಡಲಾರಂಭಿಸಿತು. ಅದು ಗೋಡೆಯ ಮೇಲೆ ತೂಗುವ ಚಿತ್ರವಲ್ಲ. ಆದರೂ ಪೊಲೀಸರವನು ಬೆದರಿಸಿದಾಗ ಎತ್ತಿ ತೋರಿಸಲಿಕ್ಕೆ ತನ್ನ ಹೆಸರುಳ್ಳ ಒಂದು ಚೀಟಿಯು ಕೈಯಲ್ಲಿರುವದು ಬಡವಳಿಗೆ ಸಣ್ಣ ಮಾತೋ?

ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳಕೊಂಡ ಸ್ತ್ರೀಯ ಸಾಮ್ಯವನ್ನು ಕರ್ತನು ಹೇಳಿದನಲ್ಲವೇ? ಅವಳು ದೀಪ ಹಚ್ಚಿ, ಕಸಬರಿಗೆ ಹಿಡಿದು, ಧೂಳಿನಲ್ಲಿ ಹುಡುಕಿದಳು. ದೇವರು ಕಳೆದುಹೋದವರನ್ನು ಹುಡುಕುವ ರೀತಿಯನ್ನು ತಿಳಿಸಲಿಕ್ಕೆ ಆತನು ಕಸ ಗುಡಿಸುವವಳನ್ನೇ ತೋರಿಸಿದನು. ಹಾಗಾದರೆ ಗುಜರಿಯವಳು ಚೀಲ ಹೊತ್ತು ನಮ್ಮ ಬೀದಿಗೆ ಬಂದಾಗ ನಾವು ಮಾಡುವದೇನು? ನಾಯಿಯನ್ನು ಛೂ ಬಿಡುವವರು ನಮ್ಮಲ್ಲಿಲ್ಲವೋ? ತೂಕದಲ್ಲಿ ಚೌಕಾಸಿ ಮಾಡಿ ಎರಡು ರೂಪಾಯಿ ಹಿಡಿಯುವವರಿಲ್ಲವೋ? ನಮ್ಮ ಅಜ್ಜಂದಿರಿಗೆ ಮೇಲಿನಿಂದ ನೀರು ಹೊಯ್ದವರನ್ನು ದೂರುವ ನಾವು ಅವಳಿಗೆ ಯಾವ ಲೋಟದಲ್ಲಿ ನೀರು ಕೊಡುತ್ತೇವೆ?

ಮಕ್ಕಳು ತಗಡಿನ ಚಿತ್ರ ಮಾಡಲು ಬಯಸಿದರೆ ದೊಡ್ಡವರು ಜೊತೆಗಿದ್ದು ಮಾಡಿಸಿರಿ. ಆರಾಧನೆಗಾಗಿ ಅಲ್ಲ, ಸತ್ಪುರುಷರ ಜ್ಞಾಪಕಕ್ಕಾಗಿ. ಆದರೆ ಅದಕ್ಕೆ ಮುಂಚೆ ಒಂದು ಕೆಲಸ. ಡಬ್ಬಿಗಳನ್ನು ತೊಳೆದು ಬೇರೆ ಚೀಲದಲ್ಲಿ ಕಟ್ಟಿಡಿರಿ. ಅವಳು ಬಂದಾಗ ಹೆಸರು ಕೇಳಿ ತಿಳುಕೊಳ್ಳಿರಿ. ಜಗಲಿಯ ಮೇಲೆ ಕೂರಿಸಿ, ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿರಿ. ಆಗ ಅವಳ ಮುಖವನ್ನು ಚೆನ್ನಾಗಿ ನೋಡಿ, ಅದರ ಮೇಲಿರುವ ರೂಪವು ಯಾರದೆಂದು ನಿಮ್ಮ ನಿಮ್ಮೊಳಗೆ ಕೇಳಿಕೊಳ್ಳಿರಿ.